ವಿರಾ ಮಾವನ ಮಬ್ಬುಗಣ್ಣಿಗೆ ಕಂಡವಳು

ಅವ್ವಾ,
ಕಾಡು ಹತ್ತಿ ನಿನ್ನ ತವರು ಸೇರಿದೆ. ಸಾಂಟೋ ದ್ವೀಪದ ಈ ನೆತ್ತಿಯಲ್ಲಿ ಮೋಡಗಳು ಗುಡಿಸಲೊಳಗೇ ಬಂದು ಒಲೆಯ ಪಕ್ಕ ಕೂರುತ್ತವೆ. ನಿನ್ನ ಮದುವೆಯ ಜಗಳದ ನಂತರ ನಿನ್ನ ಹೆಸರನ್ನೇ ಎತ್ತದ ವಿರಾ ಮಾವ ಬಾಗಿಲಲ್ಲೇ ಕೂತಿದ್ದ. ಹೊರದಬ್ಬುತ್ತಾನೆಂದು ಅಂಗಳದಲ್ಲೇ ನಿಂತೆ. ಅವನು ಮಬ್ಬುಗಣ್ಣು ಕಿರಿದು ಮಾಡಿ, ನನ್ನ ಕೆನ್ನೆ ಸವರಿ, "ಬಂದ್ಯೇನೇ ಲೆಸಾಲೆ? ನೀರಿಗೆ ಹೋದೋಳು ಇಷ್ಟೊತ್ತು ಮಾಡೋದಾ? ಕೆಸುವಿನ ಗೆಡ್ಡೆ ಆರಿಹೋಯ್ತಲ್ಲೇ!" ಎಂದ. ನಿನ್ನ ಹೆಸರಿಗೇ ಓಗೊಟ್ಟು, ಕೂತು ತಿಂದೆ. ಅತ್ತೆ ಆಚೆ ತಿರುಗಿ ಕಣ್ಣೊರೆಸಿಕೊಂಡಳು. ಈಗ ದಿನವೂ ನಿಮ್ಮಿಬ್ಬರ ಬಾಲ್ಯವನ್ನು ನನಗೆ ನೆನಪಿಸುತ್ತಾನೆ, ನಾನು ಹೂಂ ಅನ್ನುತ್ತೇನೆ.
ಹೊಳೆ ದಾಟುವಾಗ ಉಳುಕಿದ ಕಾಲು ಈಗ ಪರವಾಗಿಲ್ಲ. ಕಡಲ ಕಡೆ ಇಳಿಯುವವರು ಹೊರಟು ನಿಂತಿದ್ದಾರೆ, ಈ ಕಾರ್ಡು ಅವರ ಕೈಲಿ ಕೊಡುತ್ತೇನೆ. ಬೇಗ ಹತ್ತಿ ಬಾ ಅವ್ವಾ. ನಾನು ಎಷ್ಟು ದಿನ ಅಂತ ನೀನಾಗಿರಲಿ?
ನಿನ್ನ ಮಗಳು,
ಮೆರಿಯಾನ