ಕಪ್ ತರುವ ಕೃತಿ

ಸಿಂಗಾನಲ್ಲೂರು
ಏಪ್ರಿಲ್ ೧೧, ಶುಕ್ರವಾರ

ನನ್ನ ಪ್ರತಿ ಮಾತಿಗೂ ಎದುರುತ್ತರ ಸಿದ್ಧವಿಟ್ಟುಕೊಂಡಿರುವ ಮಗಳು ಇಂದುಜಾಳಿಗೆ, ನಿನ್ನ ಅಮ್ಮ ಪ್ರೀತಿಯಿಂದಲೂ ಅಷ್ಟೇ ಬೇಸರದಿಂದಲೂ ಬರೆಯುವುದು.

ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನೂ ಮುಗಿಸಗೊಡುವುದಿಲ್ಲ. ಆದ್ದರಿಂದ ಕಾಗದ. ನಿನ್ನ ಮಗಳು ಇಲಕ್ಕಿಯಾ ಇಲ್ಲೇ ಎದುರಿಗೆ ಕುಳಿತು ಮಾವಿನಕಾಯಿ ತಿನ್ನುತ್ತಿದ್ದಾಳೆ. ತಾಳವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳ ಮೊಮ್ಮಗಳಿಗೆ ಕನ್ನಡ ಓದಲು ಬಾರದೆಂಬುದು ಇಷ್ಟು ದಿನ ನನಗೆ ಅವಮಾನವಾಗಿತ್ತು, ಇಂದು ಅನುಕೂಲವಾಗಿದೆ.

ಪೊಂಗಲ್ ಹಬ್ಬಕ್ಕೆ ಬಂದಾಗ ನೀನು ಅವಳಿಗೊಂದು ಷರತ್ತು ಹಾಕಿ ಹೋದೆ. ಈ ಬೇಸಿಗೆಯ ವಿದ್ಯಾರ್ಥಿಗಳ ಪಿಯಾನೊ ಸ್ಪರ್ಧೆಯಲ್ಲಿ ಕಪ್ ಗೆದ್ದರೆ ನನ್ನ ಮನೆಯಲ್ಲಿದ್ದುಕೊಂಡೇ ಹತ್ತನೆಯ ತರಗತಿ ಓದಬಹುದು, ಪಿಯಾನೊ ಪಾಠವೂ ನಡೆಯಬಹುದು. ಗೆಲ್ಲದಿದ್ದರೆ ಜೂನ್ ತಿಂಗಳಲ್ಲಿ ನಾಮಕ್ಕಲ್ ಕಡೆಯ ಹಾಸ್ಟೆಲ್ ಶಾಲೆ, ಪಿಯಾನೊಗೆ ದೊಡ್ಡ ನಮಸ್ಕಾರ. ವಾಲ್ಪಾರೈ ಎಸ್ಟೇಟ್ ಆಸ್ಪತ್ರೆಯಲ್ಲಿ ಹಗಲಿರುಳು ನರ್ಸ್ ಕೆಲಸ ಮಾಡುವ ನಿನಗೆ ಮಗಳು ಡಾಕ್ಟರಾಗಲಿ ಎಂಬ ಆಸೆ ಇರುವುದು ತಪ್ಪಲ್ಲ. ಆದರೆ ಮೊನ್ನೆ ನಾನು ಆ ವಿಷಯ ಎತ್ತಿದ್ದಕ್ಕೆ ನೀನು ಕಳುಹಿಸಿದ ಉತ್ತರವೇನು? ‘ಫೈನಲ್. ನೋ ಆರ್ಗ್ಯುಮೆಂಟ್.’ ಕರ್ತೃವಿಲ್ಲ, ಕ್ರಿಯಾಪದವಿಲ್ಲ. ಅಮ್ಮನನ್ನು ಗದರುವುದಾದರೂ ಪೂರ್ಣ ವಾಕ್ಯದಲ್ಲಿ ಗದರಬಾರದೆ?

ಷರತ್ತು ಕೇಳಿದ ದಿನದಿಂದ ನನಗೆ ಒಂದೇ ಚಿಂತೆ: ಕಪ್ ತರುವ ಕೃತಿ ಯಾವುದು? ಅವಳ ಪಿಯಾನೊ ಮೇಷ್ಟರು ದೀನದಯಾಳನ್ ಎರಡನ್ನು ಮುಂದಿಟ್ಟರು. ಒಂದು ನಿಧಾನದ್ದು, ಬಿಳಿಯ ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಸ್ವರ. ಇನ್ನೊಂದರ ಪುಟಗಳಿಗೆ ಇರುವೆ ಮುತ್ತಿದಂತಿತ್ತು. ಎಡಗೈ ಬಲಗೈಯನ್ನು ದಾಟಿ ಹಾರಬೇಕು, ಕೊನೆಯಲ್ಲಿ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದು ಎದ್ದು ನಿಲ್ಲಬೇಕು. ನಾನು ಅದನ್ನೇ ಹಿಡಿದೆ. ಇಲಕ್ಕಿಯಾಳ ಮನಸ್ಸು ಮೊದಲನೆಯದರ ಕಡೆಗಿತ್ತು, ನಿಜ. ಅದರಲ್ಲಿ ಕಪ್ ಬರುವುದಿಲ್ಲವೆಂದು ನಾನೇ ಅವಳ ಬಾಯಿ ಮುಚ್ಚಿಸಿದೆ.

ಮೇಷ್ಟರು ಬೇಡವೆಂಬಂತೆ ತಲೆಯಾಡಿಸಿದರು. ‘ಮೇಡಂ, ಅದು ಕಣ್ಣಿಗೆ ಚೆಂದ. ಜಡ್ಜ್‌ಗಳು ಸರ್ಕಸ್ ನೋಡೋಕೆ ಬರಲ್ಲ’ ಎಂದರು. ನಾನು ಬಿಡಲಿಲ್ಲ. ಎಷ್ಟು ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡಿದವಳು ನಾನು! ಬೆಳಗ್ಗಿನಿಂದ ಕುಳಿತು ತೂಕಡಿಸುವ ತೀರ್ಪುಗಾರರನ್ನು ಎಬ್ಬಿಸುವ ಮಗುವಿಗೇ ಬಹುಮಾನ ಎಂದೆ. ‘ಎದ್ದವರು ಹೊರಗೆ ಹೋಗ್ಬಿಟ್ರೆ ಮೇಡಂ?’ ಎಂದು ಕೇಳಿದರು ಆ ಮನುಷ್ಯ, ನನ್ನ ಮುಖ ನೋಡಿಕೊಂಡೇ.

ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುವ ನಿನ್ನ ಅಯ್ಯಾಸಾಮಿ ಮಾವ ಮಾತ್ರ ನನ್ನ ಪಕ್ಷ. ‘ತರಿ ಓಡ್ವಾಗ್ಲೂ ಕೇಳ್ತೈತಲ್ಲಕ್ಕಾ, ಅದು ಪಾಟ್ಟು! ಇನ್ನೊಂದು ಏನದು, ಇಲಿ ನಡ್ದಂಗೆ’ ಎಂದ. ಮಗ್ಗಕ್ಕೆ ತರಿ, ಹಾಡಿಗೆ ಪಾಟ್ಟು. ತಮ್ಮನ ಕನ್ನಡವನ್ನು ತಿದ್ದುವ ಕೆಲಸವನ್ನು ನಾನು ಎಂದೋ ಕೈಬಿಟ್ಟಿದ್ದೇನೆ.

ಅಲ್ಲಿಂದೀಚೆಗೆ ದಿನವೂ ಸಂಜೆ ಆ ಆರ್ಭಟ. ಗೋಡೆಯಾಚೆ ಮಗ್ಗಗಳು, ಈಚೆ ಅವಳ ಅಭ್ಯಾಸದ ಕೀಬೋರ್ಡ್. ಎರಡೂ ಕೂಡಿ ಓಡುವುದನ್ನು ಕೇಳಿ ಕಪ್ ಕೈಗೆ ಬಂತೆಂದೇ ನಾನು ಹಿಗ್ಗಿದೆ.

ಕಳೆದ ವಾರ ನಮ್ಮ ಬೀದಿಯ ಮಗ್ಗದವರೆಲ್ಲ ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದರು. ಅಯ್ಯಾಸಾಮಿಯ ಶೆಡ್ಡಿಗೂ ಬೀಗ ಬಿತ್ತು. ಅಂದು ಸಂಜೆ ನಿಶ್ಶಬ್ದದಲ್ಲಿ ಇಲಕ್ಕಿಯಾ ಅದೇ ಕೃತಿಯನ್ನು ಎತ್ತಿಕೊಂಡಳು. ಆರಂಭದಲ್ಲೇ ಬೆರಳುಗಳು ಓಡಿಹೋದವು, ಎರಡನೆಯ ಪುಟದಲ್ಲಿ ಮುಗ್ಗರಿಸಿದವು, ನಿಂತವು. ಮತ್ತೆ ನುಡಿಸಿದಳು, ಮತ್ತೆ ಅಲ್ಲೇ ನಿಂತಳು. ಏಕೆಂದು ಗದರಿದೆ. ಅಳುಮುಖ ಮಾಡಿಕೊಂಡು ಅವಳು ಕೇಳಿದ್ದೇನು ಗೊತ್ತೇ? ‘ಅಜ್ಜೀ, ಅಯ್ಯಾಸಾಮಿ ತಾತಂಗೆ ಹೇಳಿ ಒಂದೇ ಒಂದು ತರಿ ಓಡ್ಸಕ್ಕೆ ಹೇಳು. ಅದಿಲ್ದೆ ನಂಗೆ ತಾಳ ಸಿಗ್ತಿಲ್ಲ.’

ಇಷ್ಟು ದಿನವೂ ಮಗು ಮಗ್ಗದ ಬಡಿತವನ್ನು ಹಿಡಿದುಕೊಂಡು ನುಡಿಸುತ್ತಿತ್ತು, ಇಂದುಜಾ! ಮೇಷ್ಟರು ಪಾಠದಲ್ಲಿ ಚಪ್ಪಾಳೆ ತಟ್ಟಿ ತಾಳ ಹಾಕುತ್ತಾರೆ; ಮನೆಯಲ್ಲಿ ಮಗ್ಗ ಹಾಕುತ್ತಿತ್ತು. ಸ್ಪರ್ಧೆಯ ಸಭಾಂಗಣದಲ್ಲಿ ಯಾರು ಹಾಕುತ್ತಾರೆ? ನಾನು ಅಯ್ಯಾಸಾಮಿಯನ್ನು ಕೇಳಿದೆ ಕೂಡ. ‘ಸ್ಟ್ರೈಕಲ್ಲಿ ಪೇತ್ತಿ ಪಾಟ್ಟಿಗೆ ತರಿ ಓಡ್ಸ್ದೆ ಅಂದ್ರೆ ಸಂಘದವ್ರು ನನ್ನೇ ಪಾವು ಹಾಕಿ ನೆಯ್ದ್ಬಿಡ್ತಾರಕ್ಕಾ’ ಎಂದು ನಕ್ಕ. ಮೊಮ್ಮಗಳು ಅವನಿಗೆ ಪೇತ್ತಿ, ಹಾಸುನೂಲು ಪಾವು. ನನಗೆ ನಗು ಬರಲಿಲ್ಲ.

ಮರುದಿನ ನಾನು ಅಡುಗೆಮನೆಯಲ್ಲಿ ಹಿಟ್ಟು ಕಲೆಸುತ್ತಿದ್ದೆ. ಅಜ್ಜಿ ಹೊರಗೆ ಹೋಗಿದ್ದಾಳೆಂದುಕೊಂಡು ಅವಳು ನಿಧಾನದ ಕೃತಿಯನ್ನು ನುಡಿಸಿದಳು. ಅದರ ಅರ್ಧ ಭಾಗವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ, ಮಗ್ಗಗಳ ಕೆಳಗೆ ಮುಳುಗಿಹೋಗಿತ್ತು. ಏನೂ ನಡೆಯದ ಕೃತಿ ಎಂದು ನಾನು ಮೇಷ್ಟರಿಗೆ ಹೇಳಿದ್ದೆ. ನಡೆಯುತ್ತದೆ. ಒಂದೆಡೆ ಅವಳು ಕೈ ಎತ್ತಿ ಸುಮ್ಮನೆ ಕಾಯುತ್ತಾಳೆ. ಮುಂದಿನ ಸ್ವರ ಬರುವವರೆಗೆ ನಾನು ಹಿಟ್ಟಿನ ಕೈಯನ್ನು ಪಾತ್ರೆಯಿಂದ ತೆಗೆಯಲಿಲ್ಲ. ಸಂಗೀತದ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಅರ್ಹತೆ ನನಗಿಲ್ಲ.

ಇದನ್ನೇ ನುಡಿಸು ಎಂದೆ. ಒಪ್ಪಲಿಲ್ಲ. ‘ಇದ್ರಲ್ಲಿ ಕಪ್ ಬರಲ್ಲಾಂತ ನೀನೇ ಹೇಳ್ದೆ. ಕಪ್ ಇಲ್ಲಾಂದ್ರೆ ಅಮ್ಮ ಹಾಸ್ಟೆಲ್‌ಗೆ ಹಾಕ್ತಾಳೆ’ ಎಂದು ಮತ್ತೆ ಆ ಇರುವೆ ಮುತ್ತಿದ ಪುಟಗಳನ್ನೇ ತೆರೆದಳು. ವಾರವಿಡೀ ಅಲ್ಲೇ ಮುಗ್ಗರಿಸುತ್ತಿದ್ದಾಳೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡರೂ ಆಗದು. ಅದರ ಹಿಂದೆ ನಿನ್ನ ಷರತ್ತು ನಿಂತಿದೆ. ಎಂಥ ಸಿಕ್ಕಿನಲ್ಲಿ ನನ್ನನ್ನು ಕೂರಿಸಿದ್ದೀ ನೋಡು!

ನಿಧಾನದ ಕೃತಿಗೆ ಕಪ್ ಬರುತ್ತದೆಂದು ನಾನು ಹೇಳಲಾರೆ. ಬಹುಶಃ ಬಾರದು. ತೀರ್ಪುಗಾರರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ಅವಳು ಅದನ್ನೇ ನುಡಿಸಬೇಕು, ಹೆದರದೆ ನುಡಿಸಬೇಕು, ಜೂನ್ ತಿಂಗಳಲ್ಲೂ ನುಡಿಸುತ್ತಿರಬೇಕು. ಕೇಳಿ ಪಡೆಯುವ ಅಭ್ಯಾಸ ನನಗಿಲ್ಲವೆಂಬುದು ನಿನಗೆ ಗೊತ್ತು. ಈಗ ಕೇಳುತ್ತಿದ್ದೇನೆ: ಷರತ್ತನ್ನು ಹಿಂತೆಗೆದುಕೊ. ಹತ್ತನೆಯ ತರಗತಿಯ ಗಣಿತ, ವಿಜ್ಞಾನಗಳನ್ನು ನಾನು ನೋಡಿಕೊಳ್ಳುತ್ತೇನೆ.

ಚಳಿಗೆ ಕಿವಿ ಮುಚ್ಚಿಕೊಂಡು ಡ್ಯೂಟಿಗೆ ಹೋಗು.

ಇಷ್ಟಾದರೂ ನಿನ್ನವಳೇ ಆದ,
ಅಮ್ಮ ಗೋಮತಿ

ಮತ್ತೆ ಸೇರಿಸಿದ್ದು: ಕೃತಿಯ ಹೆಸರನ್ನು ಇಂದು ಸಂಜೆಯೇ ತಿಳಿಸಬೇಕೆಂದು ಮೇಷ್ಟರು ಫೋನ್ ಮಾಡಿದರು. ನಿನ್ನ ಉತ್ತರಕ್ಕೆ ಕಾಯಲು ಆಗಲಿಲ್ಲ. ನೀನು ಷರತ್ತನ್ನು ಹಿಂತೆಗೆದುಕೊಂಡಿದ್ದೀ, ನನಗೆ ಫೋನಿನಲ್ಲಿ ಹೇಳಿದ್ದೀ ಎಂದು ಇಲಕ್ಕಿಯಾಳಿಗೆ ಹೇಳಿಬಿಟ್ಟೆ. ‘ಅಮ್ಮನೇ ಹೇಳಿದ್ಳಾ?’ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ. ಆಮೇಲೆ ಮೇಷ್ಟರಿಗೆ ನಿಧಾನದ ಕೃತಿಯ ಹೆಸರನ್ನೇ ಹೇಳಿದಳು. ನಾಳೆ ಬೆಳಗ್ಗೆ ಉಕ್ಕಡದ ಬಸ್ ನಿಲ್ದಾಣದಿಂದ ಹೊರಡುವ ವಾಲ್ಪಾರೈ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದವನ್ನು ಕೊಡುತ್ತೇನೆ; ಮಧ್ಯಾಹ್ನದೊಳಗೆ ನಿನಗೆ ಸಿಗಲಿ. ಭಾನುವಾರ ಅವಳು ನಿನಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡುತ್ತಾಳೆ.