ಮುಟ್ಟಿ ನೋಡಬೇಕಾದ ಟ್ಯಾಂಕು

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗೆಳೆಯಾ,

ನಾನೂ ನನ್ನಾಕೆಯೂ ಇಲ್ಲಿ ಉಂಡುಕೊಂಡು, ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ನೀನೂ ಹಾಗೇ ಇದ್ದೀಯ ಎಂದುಕೊಳ್ಳಲು ಆಸೆ. ಪತ್ರ ಬಹಳ ತಡವಾಯಿತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಕಾರಣ ಆಮೇಲೆ ಹೇಳುತ್ತೇನೆ.

ಬೀದಿಯವರು ಇಟ್ಟ ಹೆಸರಿನಿಂದಲೇ ನಿನ್ನನ್ನು ಕರೆಯೋಣ ಎಂದುಕೊಂಡಿದ್ದೆ. ಗಡಿಯಾರ ರಿಪೇರಿಯ ಪುಟ್ಟ ಭೂತಗನ್ನಡಿಯನ್ನು ಸದಾ ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ನಿನ್ನನ್ನು ಎಲ್ಲರೂ ಒಕ್ಕಣ್ಣ ಎನ್ನುತ್ತಿದ್ದರಲ್ಲ. ಈಗ ಎರಡು ಕಣ್ಣೂ ಕೈಕೊಟ್ಟ ಮೇಲೆ ಆ ಹೆಸರು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅದಕ್ಕೇ ಈ ಸಲಕ್ಕೆ ಬರೀ ಗೆಳೆಯಾ.

ಮಗಳೇ, ಇದನ್ನು ಓದಿ ಹೇಳುತ್ತಿರುವವಳು ನೀನೇ ಎಂದು ಗೊತ್ತು. ಅಪ್ಪ "ಸಾಕು, ನಿಲ್ಸು" ಅಂದರೆ ನಿಲ್ಲಿಸಬೇಡ. ಎದ್ದು ಒಳಗೆ ಹೋದರೆ ಬಾಗಿಲ ಹೊರಗೆ ನಿಂತು ಗಟ್ಟಿಯಾಗಿ ಓದು. ಅವನ ಕಿವಿಗೇನೂ ಆಗಿಲ್ಲ. ಪತ್ರದ ಜೊತೆ ಬಂದಿರುವ ಪೆಟ್ಟಿಗೆಯನ್ನು ಮಾತ್ರ ನಾನು ಹೇಳುವ ತನಕ ಬಿಚ್ಚಬೇಡ.

ಗೆಳೆಯಾ, ನೀನು ಕೊನೆಯ ಸಲ ಫೋನಿನಲ್ಲಿ ಆಡಿದ ಮಾತು ನನ್ನ ಕಿವಿಯಲ್ಲೇ ಕೂತಿದೆ. "ನನ್ನ ಬಿಡಿಭಾಗದ ಪೆಟ್ಟಿಗೆ ನಿನ್ನ ಗ್ಯಾರೇಜಲ್ಲೇ ಇದೆಯಲ್ಲ, ಅದನ್ನ ತಗೊಂಡು ಹೋಗಿ ಕಸಕ್ಕೆ ಹಾಕು. ಕಣ್ಣಿಲ್ಲದವನಿಗೆ ಟ್ಯಾಂಕ್ ಯಾತಕ್ಕೆ?" ಎಂದೆ. ಆಮೇಲೆ ಎಷ್ಟು ಸಲ ಮಾಡಿದರೂ ಫೋನಿಗೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತೀಯಂತೆ, ಮಗಳು ಹೇಳಿದಳು. ಚಹಾದ ಲೋಟವನ್ನೂ ಮಗಳೇ ತಂದು ಕೈಯಲ್ಲಿ ಹಿಡಿಸಬೇಕಂತೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಗಿರಾಕಿಯ ಮುಖ ನೋಡಿ ಹರಟುತ್ತಲೇ ಕೂರಿಸುತ್ತಿದ್ದ ಬೆರಳುಗಳು ಅವು! ಅವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೀಯ ಎಂದು ಕೇಳಿ ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಎದ್ದು ಹೋಗಿ ಆ ಪೆಟ್ಟಿಗೆಯ ಧೂಳು ಒರೆಸಿದೆ.

ಪೆಟ್ಟಿಗೆಯನ್ನು ಕಸಕ್ಕೆ ಹಾಕುತ್ತೇನೆಯೇ? ನಮ್ಮಿಬ್ಬರ ಅಂಗಡಿಗೂ ಒಂದೇ ಗೋಡೆ. ಆ ಕಡೆ ನೀನು ಗಡಿಯಾರ ಬಿಚ್ಚುತ್ತಿದ್ದೆ, ಈ ಕಡೆ ನಾನು ಕಾರಿಗೆ ಬಣ್ಣ ಹೊಡೆಯುತ್ತಿದ್ದೆ. ರಜಾ ದಿನ ಶಟರ್ ಅರ್ಧಕ್ಕೆ ಎಳೆದುಕೊಂಡು ನೀನು ಯುದ್ಧದ ಟ್ಯಾಂಕುಗಳ ಅಂಗೈ ಅಗಲದ ಮಾದರಿ ಜೋಡಿಸುವುದು, ನಾನು ಸ್ಟೂಲ್ ಹಾಕಿಕೊಂಡು ತಲೆಹರಟೆ ಮಾಡುವುದು. ಪ್ರತಿ ಮಾದರಿ ಮುಗಿದಾಗಲೂ ಮಿಕ್ಕ ಚಕ್ರ, ಮುಚ್ಚಳ, ಕೊಕ್ಕೆಗಳನ್ನು ಆ ತಗಡಿನ ಪೆಟ್ಟಿಗೆಗೆ ಸುರಿದು, "ಇನ್ನೊಂದಿನ ಬರೀ ಇದರಲ್ಲೇ ಒಂದು ಟ್ಯಾಂಕ್ ಮಾಡೋಣ ಕಣೋ, ಹೊರಗಿಂದ ಒಂದು ಸ್ಕ್ರೂನೂ ತರಬಾರದು" ಎನ್ನುತ್ತಿದ್ದವನು ನೀನೇ. ಆ ಟ್ಯಾಂಕನ್ನು ಈಗ ನಾನು ಮಾಡಿದ್ದೇನೆ. ಹೊರಗಿಂದ ತಂದದ್ದು ಅಂಟು ಮತ್ತು ಬೈಗುಳ ಮಾತ್ರ.

ಯಾವ ದೇಶದ ಟ್ಯಾಂಕು ಅಂತ ಕೇಳಬೇಡ. ಒಡಲು ಒಬ್ಬರದ್ದು, ಫಿರಂಗಿ ಹೊತ್ತ ತಲೆ ಅವರ ವೈರಿಯದ್ದು. ಎಡಗಡೆಯ ಚಕ್ರಗಳಿಗೂ ಬಲಗಡೆಯ ಚಕ್ರಗಳಿಗೂ ಮಾತುಕತೆ ಇಲ್ಲ. ಫಿರಂಗಿಯ ನಳಿಗೆಗೆ ಖಾಲಿ ರಿಫಿಲ್ಲು, ಎಂಜಿನ್ನಿನ ಫ್ಯಾನಿಗೆ ನೀನು ಯಾವುದೋ ಕೈಗಡಿಯಾರದಿಂದ ಬಿಚ್ಚಿ ಇಟ್ಟಿದ್ದ ಹಲ್ಲುಚಕ್ರ. ಪೆಟ್ಟಿಗೆಯ ತಳದಲ್ಲಿ ನನ್ನಾಕೆಯ ಒಂದು ಟಿಚ್ ಬಟನ್ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ಅವಳು ಕೇಳಿದಳು, ನಾನು ನಿನ್ನ ಮೇಲೆ ಹಾಕಿದೆ. ಈಗ ಅದೇ ಹಿಂದಿನ ದೀಪ. ಸಣ್ಣ ತುಂಡುಗಳನ್ನು ಅಂಟಿಸಿದವಳೂ ಅವಳೇ. "ನಿಮ್ಮ ಕೈಲಾಗಲ್ಲ, ಕೊಡ್ರೀ ಇತ್ತ" ಎಂದು ಚಿಮಟವನ್ನೇ ಕಸಿದುಕೊಂಡಳು. ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಟಿಚ್ ಬಟನ್ನಿನ ವಿಷಯ ಹಾಕಬೇಡಿ ಅನ್ನುತ್ತಿದ್ದಾಳೆ, ಹಾಕಿಯಾಯಿತು.

ಗ್ಯಾರೇಜನ್ನು ಈಗ ನನ್ನ ಹಳೆಯ ಕೆಲಸಗಾರನೇ ನೋಡಿಕೊಳ್ಳುತ್ತಾನೆ. ನಾನು ಆಗಾಗ ಹೋಗಿ, ಕುರ್ಚಿಯಲ್ಲಿ ಕೂತು, ಬಣ್ಣದ ಬಗ್ಗೆ ತಕರಾರು ತೆಗೆದು ಬರುತ್ತೇನೆ. ನಿನ್ನ ಅಂಗಡಿಯಲ್ಲಿ ಮೊಬೈಲ್ ರಿಪೇರಿಯವನೊಬ್ಬ ಬಂದಿದ್ದಾನೆ. ಇಡೀ ದಿನ ಹಾಡು ಹಾಕಿ ನಮ್ಮ ಗೋಡೆಯನ್ನೇ ಕುಣಿಸುತ್ತಾನೆ. ಹುಡುಗ ಒಳ್ಳೆಯವನು, ಆದರೂ ಆ ಬಾಗಿಲ ಮುಂದೆ ಹಾದು ಹೋಗುವಾಗ ನಾನು ಬೇಕಂತಲೇ ರಸ್ತೆಯ ಎದುರು ಕಡೆಯ ಫುಟ್‌ಪಾತ್ ಹಿಡಿಯುತ್ತೇನೆ.

ಇರಲಿ. ಟ್ಯಾಂಕಿಗೆ ಬಣ್ಣ ಹೊಡೆಯುವ ಹೊತ್ತಿಗೆ ನಾನು ಮಾಡಿದ ಘನಂದಾರಿ ಕೆಲಸ ಕೇಳು. ಒಡಲಿನ ಮೇಲೆ ಬೆಸುಗೆಯ ಗೆರೆಗಳಿದ್ದವು, ಎರಕದ ಒರಟು ಇತ್ತು. ನನ್ನ ಜನ್ಮಕ್ಕೆ ಅಂಟಿದ ಬುದ್ಧಿ ಎಲ್ಲಿಗೆ ಹೋಗುತ್ತದೆ? ಒರಟು ಕಂಡ ತಕ್ಷಣ ಪುಟ್ಟಿ ಮೆತ್ತಿದೆ. ವಾಟರ್ ಪೇಪರ್ ಹಿಡಿದು ಉಜ್ಜಿದೆ. ಪ್ರೈಮರ್ ಹೊಡೆದೆ, ಸ್ಪ್ರೇ ಗನ್ನಿನಲ್ಲಿ ಹಸಿರು ಹೊಡೆದೆ, ಅಭ್ಯಾಸಬಲದಿಂದ ಕಾರಿಗೆ ಹಚ್ಚುವ ಹೊಳಪಿನ ಕಾಂಪೌಂಡ್ ಹಾಕಿ ಪಾಲಿಶ್ ಕೂಡ ಮಾಡಿಬಿಟ್ಟೆ. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ನನ್ನಾಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ರೀ ಇದು, ಯುದ್ಧಕ್ಕೆ ಹೋಗೋ ಟ್ಯಾಂಕೋ, ಮದುವೆಗೆ ಹೋಗೋ ಕಾರೋ?" ಎಂದಳು.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಗೋಡೆಯ ಆಚೆಯಿಂದ ನೀನು ನಗುತ್ತಿರುವ ಹಾಗೆ ಕೇಳಿಸಿತು. "ಲೋ ಪೇಂಟರ್, ನಿನ್ನ ಕಸುಬನ್ನ ತಿರುಗಿಸಿ ಹಿಡಿದ್ರೆ ನನ್ನ ಕಸುಬು. ನೀನು ಹಳೇದನ್ನ ಹೊಸದು ಮಾಡ್ತೀಯ, ನಾನು ಹೊಸದನ್ನ ಹಳೇದು ಮಾಡ್ತೀನಿ" ಎನ್ನುತ್ತಿದ್ದೆಯಲ್ಲ, ಅದು ನೆನಪಾಯಿತು. ತುಕ್ಕು ಕಂಡರೆ ಕೆರೆದು ಹಾಕಿಯೇ ಬದುಕಿದವನು ನಾನು. ಆ ತುಕ್ಕನ್ನೇ ಕೂತು ಬರೆಯಬೇಕೆಂದರೆ ಕೈ ಮುಂದೆ ಹೋಗಲೇ ಇಲ್ಲ, ನಿಜವಾಗಿಯೂ ಸಂಕಟವಾಯಿತು. ಆಮೇಲೆ ನಿನ್ನ ಮಾತುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ತುಕ್ಕು ಎಲ್ಲ ಕಡೆ ಬರುವುದಿಲ್ಲ, ನೀರು ನಿಲ್ಲುವ ಕಡೆ ಬರುತ್ತದೆ. ಬಣ್ಣ ಎಲ್ಲ ಕಡೆ ಸವೆಯುವುದಿಲ್ಲ, ಒಳಗಿನವರು ಕಾಲಿಡುವ ಕಡೆ ಸವೆಯುತ್ತದೆ. ಹಾಗೆ ಯೋಚಿಸಿ ಯೋಚಿಸಿ ಕಂದು, ಕಪ್ಪು, ಧೂಳಿನ ಬಣ್ಣ ತೆಳ್ಳಗೆ ಮಾಡಿ ಹರಿಸಿದೆ. ಒಣಗಿದ ಮೇಲೆ ನೋಡಿದರೆ, ಅಬ್ಬಾ, ಎಷ್ಟೋ ಮಳೆ ಬಿಸಿಲು ಕಂಡ ಟ್ಯಾಂಕು.

ಕುಣಿದುಕೊಂಡು ಅಡುಗೆಮನೆಗೆ ಒಯ್ದೆ. ನನ್ನಾಕೆ ಕನ್ನಡಕ ಎಲ್ಲೋ ಇಟ್ಟು ಮರೆತಿದ್ದಳು. ಟ್ಯಾಂಕಿನ ಮೇಲೆ ಹೆಬ್ಬೆರಳು ಆಡಿಸಿ, "ಕನ್ನಡಕ ಇಲ್ದೆ ನನಗೇನ್ ಕಾಣತ್ತೆ? ಮುಟ್ಟಿದ್ರೆ ಸೋಪಿನ ಹಾಗಿದೆಯಪ್ಪ" ಎಂದು ಹಿಂದಕ್ಕೆ ಕೊಟ್ಟಳು.

ಆಗಲೇ ನನಗೆ ಹೊಳೆದದ್ದು. ಯಾರಿಗಾಗಿ ಮಾಡುತ್ತಿದ್ದೇನೋ ಅವನಿಗೆ ಇದು ಬರೀ ಸೋಪು! ನನ್ನ ತುಕ್ಕು, ನನ್ನ ಧೂಳು, ಯಾವುದೂ ನಿನ್ನ ಬೆರಳಿಗೆ ಸಿಗುವುದಿಲ್ಲ. ಎಳ್ಳಷ್ಟೂ ಯೋಚನೆ ಮಾಡದೆ ಕಣ್ಣಿದ್ದವರಿಗೆ ಟ್ಯಾಂಕು ಮಾಡಿ ಕೂತಿದ್ದೆ. ಅವತ್ತೇ ಬಣ್ಣವನ್ನೆಲ್ಲ ತಿನ್ನರ್ ಹಾಕಿ ಒರೆಸಿದೆ. ನನ್ನಾಕೆ ಪಾಪ, "ಅಯ್ಯೋ, ನಾನು ಸುಮ್ನೆ ಅಂದೆ ಕಣ್ರೀ" ಎಂದು ಬೇಜಾರು ಮಾಡಿಕೊಂಡಳು. ಅವಳು ಅಂದದ್ದೇ ಒಳ್ಳೆಯದಾಯಿತು.

ಎರಡನೇ ಸಲ ಕಣ್ಣು ಮುಚ್ಚಿಕೊಂಡು ಮಾಡಿದೆ. ಒಂದೊಂದು ಹಂತಕ್ಕೂ ಕಣ್ಣು ಮುಚ್ಚಿ ಮುಟ್ಟುವುದು, ತಿಳಿಯದಿದ್ದರೆ ಮತ್ತೆ ಮಾಡುವುದು. ಮಗಳೇ, ಈಗ ಪೆಟ್ಟಿಗೆ ಬಿಚ್ಚು. ಟ್ಯಾಂಕನ್ನು ಅಪ್ಪನ ತೊಡೆಯ ಮೇಲಿಡು, ಅವನ ಬಲಗೈ ತಂದು ಅದರ ಮೇಲಿಡು. ಕೈ ಎಳೆದುಕೊಂಡರೆ ನನ್ನಾಣೆ ಹಾಕು. ನನ್ನ ಆಣೆಗೆ ಅವನು ಬೆಲೆ ಕೊಟ್ಟಿದ್ದು ಕಡಿಮೆ, ಆದರೂ ಹಾಕಿ ನೋಡು.

ಗೆಳೆಯಾ, ಮುಂದಿನ ಇಳಿಜಾರಿನಿಂದ ಶುರು ಮಾಡು. ಅಡ್ಡಡ್ಡ ಉಬ್ಬಿರುವುದು ಬೆಸುಗೆ. ನಾನು ಪುಟ್ಟಿಯಲ್ಲಿ ಮುಚ್ಚಿದ್ದನ್ನೆಲ್ಲ ಕೆರೆದು, ಕರಗಿಸಿದ ಪ್ಲಾಸ್ಟಿಕ್ ಎಳೆಯಿಂದ ಮತ್ತೆ ಮೂಡಿಸಿದ್ದು. ಬಲಗಡೆ ಸರಿ, ಅಲ್ಲೊಂದು ತಗ್ಗು ಸಿಗುತ್ತದೆ. ಗುಂಡು ಬಡಿದು ಒಳಗೆ ಹೋಗದೆ ಜಾರಿದ ಜಾಗ ಅದು. ಮೇಲೆ ಬಾ. ಮುಚ್ಚಳದ ಅಂಚು ನುಣ್ಣಗಿದೆಯಲ್ಲ, ಒಳಗಿನವರು ಹತ್ತಿ ಇಳಿದು ಸವೆಸಿದ್ದು. ಸುತ್ತ ಒರಟು, ಅಲ್ಲಿ ಮಾತ್ರ ನುಣುಪು. ಹಿಂದಕ್ಕೆ ಹೋದರೆ ಹೊಗೆಕೊಳವೆಯ ಕೆಳಗೆ ಉಗುರು ತಾಗಿಸು. ತುಕ್ಕು ತಿಂದ ಸಣ್ಣ ಸಣ್ಣ ಕುಳಿ ಸಿಕ್ಕಿದವೇ? ನೀನು ಹೇಳಿಕೊಟ್ಟಿದ್ದೇ, ಒದ್ದೆಯ ಮೇಲೆ ಉಪ್ಪಿನ ಹರಳು ಉದುರಿಸಿ, ಮೇಲೆ ಬಣ್ಣ ಹಾಕಿ, ಒಣಗಿದ ಮೇಲೆ ಉಪ್ಪು ಉಜ್ಜಿ ತೆಗೆಯುವುದು. ನಾನು ದಪ್ಪ ಹರಳು ಹಾಕಿದೆ, ನಿನ್ನ ಉಗುರಿಗೆ ಸಿಗಲಿ ಎಂದು. ಇನ್ನು ಕೆಳಗಡೆ ಪಕ್ಕಗಳಿಗೆ ಕೈ ಹಾಕು. ಅದು ಕೆಸರು. ಮರದ ಹೊಟ್ಟು, ಅಂಟು, ಜರಡಿ ಹಿಡಿದ ಮಣ್ಣು. ಗಟ್ಟಿ ಬಿದ್ದಲ್ಲಿ ಗಟ್ಟಿ, ಸಿಡಿದಲ್ಲಿ ಚುಕ್ಕಿ. ಸಿಡಿದಿರುವ ಪರಿ ನೋಡಿದೆಯಾ? ಒಂದು ಚುಕ್ಕಿಯಂತೆ ಇನ್ನೊಂದಿಲ್ಲ. ಆ ಕೆಸರು ನೀನು ಕೂಡ ಮಾಡಿರಲಿಲ್ಲ, ಒಪ್ಪಿಕೋ.

ಬಣ್ಣ ಏನು ಎಂದು ಹೇಳುವುದಿಲ್ಲ. ನಿನಗೆ ಬೇಕಾದ ಬಣ್ಣ ಅಂದುಕೋ, ನನ್ನದೇನೂ ಅಭ್ಯಂತರವಿಲ್ಲ.

ಇದು ಇನ್ನೂ ಮುಗಿದಿಲ್ಲ. ತಲೆಯನ್ನು ಅಂಟಿಸಿಲ್ಲ, ಸುಮ್ಮನೆ ಕೂರಿಸಿದ್ದೇನೆ. ಚಕ್ರಗಳ ಮೇಲೆ ಸರಪಳಿ ಇಲ್ಲ. ಅದರ ಕೊಂಡಿಗಳು ಬೇರೆ ಡಬ್ಬಿಯಲ್ಲಿವೆ, ಪಿನ್ನುಗಳು ಇನ್ನೊಂದು ಚಿಕ್ಕ ಡಬ್ಬಿಯಲ್ಲಿವೆ. ಒಂದೊಂದು ಕೊಂಡಿಗೆ ಒಂದೊಂದು ಪಿನ್ನು ತೂರಿಸಿ ಜೋಡಿಸಬೇಕು. ಅದನ್ನು ನನ್ನಾಕೆಗೂ ಮುಟ್ಟಲು ಬಿಟ್ಟಿಲ್ಲ. ನಿನಗೆ ಬಿಟ್ಟದ್ದು ಅದು. "ಕಾಣಲ್ಲ" ಎನ್ನಬೇಡ. ನೀನು ಯಾವತ್ತು ನೋಡಿಕೊಂಡು ಪಿನ್ನು ಹಾಕಿದ್ದೀಯ? ನಿನ್ನ ಕಣ್ಣು ಗಿರಾಕಿಯ ಮೇಲೆ, ಬಾಯಿ ನನ್ನ ಮೇಲೆ, ಕೈ ಮಾತ್ರ ಕೆಲಸದ ಮೇಲೆ ಇರುತ್ತಿತ್ತು. ಸರಪಳಿ ಇಲ್ಲದ ಟ್ಯಾಂಕು ಒಂದು ಗೇಣೂ ಮುಂದೆ ಹೋಗುವುದಿಲ್ಲ. ಮಾಡುವುದಿಲ್ಲ ಎಂದರೆ ಅದು ನಿನ್ನ ಮನೆಯಲ್ಲಿ ಹಾಗೇ ನಿಂತಿರಲಿ, ನಾನು ವಾಪಸ್ ತೆಗೆದುಕೊಳ್ಳುವವನಲ್ಲ.

ಮಗಳೇ, ನಿನಗೆ ಒಳ್ಳೆಯದಾಗಲಿ. ಅಪ್ಪನನ್ನು ನೋಡಿಕೊಳ್ಳುವುದರಲ್ಲಿ ನಿನ್ನನ್ನು ನೀನು ಮರೆತುಬಿಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸ ಮುಗಿಸಿ ಬಂದು ಇಷ್ಟುದ್ದದ ಪತ್ರ ಓದಿ ಗಂಟಲು ಒಣಗಿಸಿಕೊಂಡಿದ್ದಕ್ಕೆ ನನ್ನಾಕೆ, ನಿನ್ನ ಚಿಕ್ಕಮ್ಮ, ನಿನಗೆಂದು ಸ್ವೆಟರ್ ಹೆಣೆಯುತ್ತಿದ್ದಾಳೆ. ಗೆಳೆಯಾ, ನಿನಗೂ ಒಳ್ಳೆಯದಾಗಲಿ. ಗೋಡೆಗೆ ಬೆನ್ನು ತಿರುಗಿಸಿ ಕೂರುವ ದಿನ ಬೇಗ ಬರಲಿ.

ಎಂದೆಂದಿಗೂ ನಿನ್ನ,
ಪಕ್ಕದ ಅಂಗಡಿಯ ಪೇಂಟರ್

ತಾ. ಕ.: ಮಗಳೇ, ಮೊದಲ ಸಾಲಿನಲ್ಲೇ ನಿನಗೆ ಅನುಮಾನ ಬಂದಿರಬೇಕು. ಈ ದುಂಡು ಅಕ್ಷರ ನನ್ನದಲ್ಲ, ಚಿಕ್ಕಮ್ಮನದು. ನಾನು ಹೇಳಿದೆ, ಅವಳು ಬರೆದಳು. ಮೇಲಿನ ಸಹಿಯೊಂದೇ ನನ್ನದು. ಅದು ಹೇಗಿದೆ ಎಂದು ಅಪ್ಪನಿಗೆ ಹೇಳು. ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಎಂದೇ ಹೇಳು, ಸಂಕೋಚಪಡಬೇಡ.

ಒಕ್ಕಣ್ಣಾ, ನನ್ನ ಕೈ ನಡುಗುತ್ತದೆ ಕಣೋ. ಎರಡೂ ಕೈ. "ಜಾಸ್ತಿ ಆಗದ ಹಾಗೆ ನೋಡ್ಕೋಬಹುದು, ಪೂರ್ತಿ ಹೋಗಿಸೋಕೆ ಆಗಲ್ಲ" ಎಂದರು ಡಾಕ್ಟರು. ಗ್ಯಾರೇಜು ಬಿಟ್ಟುಕೊಟ್ಟದ್ದು ಅದಕ್ಕೇ. ಪತ್ರ ತಡವಾದದ್ದೂ ಅದಕ್ಕೇ, ನಾನೇ ಬರೆಯುತ್ತೇನೆಂದು ಹಠ ಹಿಡಿದು ಹಾಳೆಗಳನ್ನು ಹರಿದು ಹರಿದು ಹಾಕಿದೆ. ಕೆಸರು ಸಿಡಿದ ಪರಿ ನೋಡು ಎಂದು ಜಂಬ ಕೊಚ್ಚಿಕೊಂಡೆನಲ್ಲ, ಅದು ಜಾಣತನವಲ್ಲ. ನಾನು ಬ್ರಷ್ಷು ಹಿಡಿದುಕೊಂಡೆ ಅಷ್ಟೇ, ಮಿಕ್ಕದ್ದನ್ನು ನಡುಕ ಮಾಡಿತು. ಟ್ಯಾಂಕನ್ನು ಹಳತು ಮಾಡಲು ಈ ಕೈ ಸಾಕಾಯಿತು, ಒಂದು ಪಿನ್ನು ತೂರಿಸಲು ಆಗಲಿಲ್ಲ. ನಿನ್ನನ್ನು ಎಬ್ಬಿಸಲೆಂದು ಸರಪಳಿ ಬಿಟ್ಟೆ ಎನ್ನುವ ಹಾಗೆ ಮೇಲೆ ದೊಡ್ಡದಾಗಿ ಬರೆಸಿದೆ. ನಿಜವಾಗಿ ನನಗೆ ಆಗಲಿಲ್ಲ. ನನಗೂ ಈಗೀಗ ಗೋಡೆಯ ಕಡೆ ತಿರುಗಿ ಕೂರಬೇಕು ಅನ್ನಿಸುತ್ತದೆ, ಹೆದರಿಕೆಯಾಗುತ್ತದೆ.

ಸರಪಳಿ ಹಾಕಿ ಮುಗಿಸಿ ನೀನೇ ಫೋನ್ ಮಾಡು. ಎತ್ತಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಇಟ್ಟುಬಿಡಬೇಡ.