ಇಂಕಿನ ಗುರುತು ಹಾಕಿದ ದಾರ

೪ ಮಾರ್ಚ್ ೨೦೧೯, ಬೆಳಿಗ್ಗೆ ೬.೩೦
ಇವರ ಕತ್ತಿಗೆ ದಾರ ಸುತ್ತಿ ಅಳೆದೆ. ನಿನ್ನೆಯ ಇಂಕಿನ ಗುರುತು ದಾಟಿದೆ. ಶ್ವಾಸಕೋಶದ ಕ್ಯಾನ್ಸರ್ ಕತ್ತಿಗೂ ಬಂದು ಗಡ್ಡೆ ಕಟ್ಟಿದ್ದು ಸಂಕ್ರಾಂತಿ ಹೊತ್ತಿಗೆ. ಬೆಂಗಳೂರಿನಲ್ಲಿ ಇಮ್ಯುನೋಥೆರಪಿ ಅಂತ, ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಿ, ಎರಡು ಡ್ರಿಪ್ ಆಯಿತು. ಇಳಿಯಬೇಕಾದದ್ದು ಊದುತ್ತಿದೆ.
"ಒಸಿ ಊತ ಕಣೇ. ಬಿಸಾಕು ಆ ದಾರನ" ಅಂದರು. ಬಿಸಾಕಲಿಲ್ಲ.

೧೨ ಮಾರ್ಚ್
ಡಾಕ್ಟರಮ್ಮ ಗಡ್ಡೆಗೆ ಸೂಜಿ ಹಾಕಿ ತುಣುಕು ತೆಗೆದರು. "ಕ್ಯಾನ್ಸರ್ರೇ ಬೆಳೆದಿದೆ ಅಂತ ಈಗಲೇ ಹೇಳಕ್ಕಾಗಲ್ಲಮ್ಮ. ಅದನ್ನ ಕೊಲ್ಲೋಕೆ ಇವರದೇ ರಕ್ತದ ಕಾವಲು ಕಣಗಳು, ಈ ಟಿ ಸೆಲ್‌ಗಳು ಒಳಗೆ ನುಗ್ಗಿದ್ರೂ ಊದುತ್ತೆ. ಮೂರನೇ ಡ್ರಿಪ್ ತಪ್ಪಿಸಬೇಡಿ."
ಚೆನ್ನಾಗಿದೆ! ಇಳಿದರೂ ಔಷಧಿಯ ಮಹಿಮೆ, ಊದಿದರೂ ಔಷಧಿಯ ಮಹಿಮೆ. ನಾನು ಬಗ್ಗಿ ನೋಡಿದ ಕೂಡಲೇ ಫೈಲ್ ಮುಚ್ಚಿದ್ದು ಯಾಕೆ?

೧೯ ಮಾರ್ಚ್
ಮೂರನೇ ಡ್ರಿಪ್ ದಿನ. ಹೋಗಲಿಲ್ಲ. ಇವರು ಸ್ನಾನ ಮಾಡಿ ಶರ್ಟ್ ಹಾಕಿಕೊಂಡು ನಿಂತಿದ್ದರು. ಡಾಕ್ಟರ್ ರಜಾ ಅಂತೆ ಎಂದುಬಿಟ್ಟೆ... ಹಸಿ ಸುಳ್ಳು.
ಮೂವತ್ತೊಂದು ವರ್ಷ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಗಳನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿದವಳು ನಾನು. ರೋಗದ ಒಂದೇ ಚುಕ್ಕಿ ಕಂಡರೂ ಅದು ಮೊಟ್ಟೆ ಇಟ್ಟ ಹಾಳೆಯೇ ಬೆಂಕಿಗೆ. ಕಾದು ನೋಡೋಣ ಎಂದವರ ಹುಳುಮನೆ ಪೂರ್ತಿ ಹಾಳಾದದ್ದು ಕಂಡಿದ್ದೇನೆ. ಈ ಡ್ರಿಪ್ಪೇ ಗಡ್ಡೆ ಸಾಕುತ್ತಿದೆ. ಇನ್ನು ಒಂದು ಹನಿಯೂ ಬೇಡ.

೨೨ ಮಾರ್ಚ್
ತುಣುಕಿನ ರಿಪೋರ್ಟ್ ಬಂದಿದೆ, ಯಾಕೆ ಬರಲಿಲ್ಲ ಎಂದು ಆಸ್ಪತ್ರೆಯಿಂದ ಫೋನ್. ಇವರೇ ಎತ್ತಿದರು. ನನ್ನ ಸುಳ್ಳು ಬಯಲಾಯಿತು.
"ಸುಟ್ಬುಡಕ್ಕೆ ನಾನೇನ್ ನಿನ್ ಕೋಠಿ ಮೊಟ್ಟೆ ಹಾಳೆನೇನೇ?"
ಕೂಗಿ ಕೂಗಿ ಕೆಮ್ಮು ಹತ್ತಿತು. ನೀರು ಕೊಟ್ಟೆ. ಮುಟ್ಟಲಿಲ್ಲ.

೨೬ ಮಾರ್ಚ್, ಆಸ್ಪತ್ರೆಯಿಂದ ವಾಪಸ್ ಬರುವ ರೈಲಿನಲ್ಲಿ
"ಆ ತುಣುಕಿನ ಸ್ಲೈಡ್ ನಾನೇ ನೋಡಬೇಕು" ಅಂದೆ. ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋದರು.
ಮೈಕ್ರೋಸ್ಕೋಪಿನ ಮುಂದೆ ಕೂತೆ. ಕೈ ತಾನಾಗಿಯೇ ತಿರುಪಿಗೆ ಹೋಯಿತು. ಅಂದಗೆಟ್ಟ ದೊಡ್ಡ ಸೆಲ್‌ಗಳು. ಅವುಗಳ ಸುತ್ತ, ನಡುವೆ, ಎಲ್ಲೆಲ್ಲೂ ಕಂದು ಬಣ್ಣ ಹಿಡಿದ ಸಣ್ಣ ಗುಂಡು ಚುಕ್ಕಿಗಳು... ಕೋಠಿಯಲ್ಲಾಗಿದ್ದರೆ ಸುಡಿ ಎಂದು ಬರೆಯುತ್ತಿದ್ದೆ.
"ಆ ಸಣ್ಣವೇ ಟಿ ಸೆಲ್ಲಮ್ಮ. ನಿಮ್ಮ ಕಡೆಯವು. ಒಳ್ಳೆ ಲಕ್ಷಣ — ಗ್ಯಾರಂಟಿ ಅಲ್ಲ."
ಬೇರೆ ಯಾರದೋ ಸ್ಲೈಡ್ ತೋರಿಸಿದರೇನೋ ಎಂದು ನಂಬರನ್ನು ಫೈಲಿಗೆ ತಾಳೆ ನೋಡಿದೆ. ಪುಟ್ಟಸ್ವಾಮಿ, ಚನ್ನಪಟ್ಟಣ. ಇವರದೇ.
ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಡ್ರಿಪ್ ಆಯಿತು, ಒಂದು ವಾರ ತಡವಾಗಿ. ಆ ವಾರ ತಿಂದವಳು ನಾನು. ಅದರಿಂದ ಏನಾದರೂ ಆದರೆ? ಭಯವಾಗುತ್ತಿದೆ. ಎದುರು ಸೀಟಿನಲ್ಲಿ ಇವರು ನಿದ್ದೆ ಹೋಗಿದ್ದಾರೆ.

೧೪ ಏಪ್ರಿಲ್, ಬೆಳಿಗ್ಗೆ ೬.೨೦
ದಾರ ಸುತ್ತಿದೆ. ಗುರುತು ಮುಟ್ಟುವ ಮೊದಲೇ ಸುತ್ತು ಮುಗಿಯಿತು. ಗುರುತಿಗೆ ಇನ್ನೂ ಒಂದು ಬೆರಳಿನಷ್ಟು ದಾರ ಮಿಕ್ಕಿದೆ.
ದಾರವೇ ಹಿಗ್ಗಿರಬೇಕು. ಹೊಲಿಗೆ ಡಬ್ಬಿಯಿಂದ ಹೊಸದು ತೆಗೆದು ಸ್ಕೇಲಿಟ್ಟು, ಮೊದಲೇ ಬರೆದಿಟ್ಟಿದ್ದ ಅಳತೆಗೆ ಗುರುತು ಹಾಕಿದೆ.
"ಇನ್ನೂ ಅನುಮಾನವೇನೇ?" ಎಂದು ಇವರು ತಾವೇ ಕತ್ತು ಎತ್ತಿ ಕೊಟ್ಟರು.
"ಮಾತಾಡಬೇಡಿ, ದಾರ ಅಲ್ಲಾಡುತ್ತೆ."
ಬಿಗಿಯಾಗಿ ಸುತ್ತಿದೆ. ಹೊಸ ದಾರದಲ್ಲೂ ಗುರುತಿಗೆ ಮುಂಚೆಯೇ ಸುತ್ತು ಮುಗಿಯಿತು.